ಊಟ ಚೆನ್ನಾಗಿತ್ತು, ಸಂದರ್ಶನ ಎಲ್ಲಿ?

ಕಳೆದ ವರ್ಷದ ಜೂನ್ ಹದಿನಾಲ್ಕು, ಶನಿವಾರ, ಬೆಳಗ್ಗೆ ಹತ್ತು ಇಪ್ಪತ್ತು. ತಿರುವನಂತಪುರದ ಶ್ರೀಕಾರ್ಯಂ ಕಡೆಯ ಒಂದು ಸಂಸ್ಥೆಯ ಗೇಟಿನಲ್ಲಿ ಎಲ್ಲರೂ ಚೇಟನ್, ಅಣ್ಣ, ಎಂದು ಕರೆಯುವ ಕಾವಲುಗಾರರು ನನ್ನ ಹೆಸರನ್ನು ಪಟ್ಟಿಯಲ್ಲಿ ಮೇಲಿಂದ ಕೆಳಗೆ ಎರಡು ಸಲ ಹುಡುಕಿದರು. ಸಿಗಲಿಲ್ಲ. "ವಿಸಿಟರ್ ಅಲ್ಲೇ, ಮೋಳೇ?" ನೋಡಲು ಬಂದವಳಲ್ಲವೇ ಮಗಳೇ, ಎನ್ನುತ್ತಾ ಹಳದಿ ಚೀಟಿಯೊಂದನ್ನು ಹರಿದು ಕೊಟ್ಟರು. ಅದೇ ಹೊತ್ತಿಗೆ ತಲೆಗೆ ಬೂದುಬಣ್ಣದ ವಸ್ತ್ರ ಸುತ್ತಿಕೊಂಡಿದ್ದ ಒಬ್ಬಳು, ಕೊರಳಲ್ಲಿದ್ದ ನೀಲಿ ದಾರದ ಗುರುತಿನ ಚೀಟಿಯನ್ನು ಎತ್ತಿಯೂ ತೋರಿಸದೆ ನನ್ನನ್ನು ದಾಟಿ ಒಳಗೆ ನಡೆದಳು. ಚೇಟನ್ ಅವಳನ್ನು ನೋಡಿ ನಕ್ಕರು. ಆ ದಿನದ ಡೈರಿಯಲ್ಲಿ ರೈಲಿನ ಸಮಯ, ಬಸ್ಸಿನ ಸಮಯ, ಕೊಠಡಿಯ ಸಂಖ್ಯೆ ಎಲ್ಲ ಆದಮೇಲೆ ಒಂದು ಸಾಲಿದೆ: 'ನೀಲಿ ದಾರ. ನನಗಿಲ್ಲ.'

ನನ್ನ ಕೆಲಸ ಕೊಚ್ಚಿಯಲ್ಲಿ. ಆಸ್ಪತ್ರೆಗಳು ಬಳಸುವ ಸಾಫ್ಟ್‌ವೇರನ್ನು ಪರೀಕ್ಷಿಸುವ ತಂಡದಲ್ಲಿದ್ದೇನೆ. ಕಳಮಶ್ಶೇರಿಯಲ್ಲಿ ಇನ್ನಿಬ್ಬರ ಜೊತೆ ಬಾಡಿಗೆ ಮನೆ. ನಾನು ಪರೀಕ್ಷಿಸಿದ ಒಂದು ಪರದೆಯಲ್ಲಿ 'ಔಷಧ ಏಕೆ ನಿಲ್ಲಿಸಿದಿರಿ?' ಎಂಬ ಪ್ರಶ್ನೆಯಿತ್ತು. ಕೆಳಗೆ ಆರು ಉತ್ತರಗಳು, ಕೊನೆಯದು 'ಇತರೆ'. ಜನ ಹೆಚ್ಚಾಗಿ ಒತ್ತುತ್ತಿದ್ದದ್ದು ಆ ಕೊನೆಯದನ್ನೇ. ಅದರೊಳಗೆ ಏನಿದೆ ಎಂದು ಸಭೆಯಲ್ಲಿ ಕೇಳಿದಾಗ ನಮ್ಮ ಮ್ಯಾನೇಜರ್, "ಇತರೆ ಅಂದರೆ ಇತರೆ, ಮುಂದೆ ಹೋಗೋಣ" ಎಂದರು. ನನಗೆ ಮುಂದೆ ಹೋಗಲು ಆಗಲಿಲ್ಲ. ಗುಣಾತ್ಮಕ ಆರೋಗ್ಯ ಸಂಶೋಧನೆ ಎಂಬ ವಿಷಯವಿದೆ, ಜನರ ಮಾತನ್ನು ಎಣಿಸದೆ ಕೇಳಿಸಿಕೊಳ್ಳುವ ವಿಧಾನವದು ಎಂದು ತಿಳಿದದ್ದು ಹಾಗೆ.

ಆ ಸಂಸ್ಥೆಯಲ್ಲಿ ಪದವಿಗೆ ಸೇರದೆಯೂ ಸ್ನಾತಕೋತ್ತರ ತರಗತಿಯ ಎರಡು ಕೋರ್ಸುಗಳನ್ನು ತೆಗೆದುಕೊಳ್ಳಬಹುದು. ಬೆಳಗ್ಗೆ ಸಂದರ್ಶನ ಮಾಡುವ ಕ್ರಮ, ಮಧ್ಯಾಹ್ನ ವಿಶ್ಲೇಷಣೆ, ಶನಿವಾರ ಮಾತ್ರ. ಎರಡರಲ್ಲೂ 'ಎ' ಬಂದರೆ ಮುಂದಿನ ವರ್ಷ ಪದವಿಗೆ ಸೇರುವಾಗ ಆ ಅಂಕಗಳು ಲೆಕ್ಕಕ್ಕೆ ಬರುತ್ತವೆ, ಒಂದು ಅವಧಿ ಕಡಿಮೆಯಾಗುತ್ತದೆ. ಕೆಲಸ ಬಿಟ್ಟು ಇಡೀ ಅವಧಿ ಓದುವಷ್ಟು ಅನುಕೂಲ ನನಗಿಲ್ಲ. ಆದ್ದರಿಂದ ನನ್ನ ಪಾಲಿಗೆ ಆ ಎರಡು 'ಎ'ಗಳೇ ಬಾಗಿಲು.

ಗೇಟಿನಲ್ಲಿ ಕಂಡವಳೇ ನನ್ನ ಜೋಡಿಯಾದಳು. ಕಾಸರಗೋಡಿನವಳು, ಮನೆಮಾತು ಮಲಯಾಳಂ, ಆದರೆ ಮನೆಯ ಹತ್ತಿರ ಇದ್ದದ್ದು ಕನ್ನಡ ಶಾಲೆಯೆಂದು ಹತ್ತನೆಯವರೆಗೆ ಕನ್ನಡದಲ್ಲೇ ಓದಿದ್ದಳು. ಅವಳು ಪದವಿ ವಿದ್ಯಾರ್ಥಿನಿ. ಸಂಶೋಧನಾ ನೈತಿಕತೆಯ ಸಮಿತಿಯ ಒಪ್ಪಿಗೆ ಪಡೆದ ಅಧ್ಯಯನ ಅವಳದು: ಹೊರರಾಜ್ಯದಿಂದ ಬಂದು ಕೇರಳದಲ್ಲಿ ನೌಕರಿ ಮಾಡುವವರು ದಿನವೂ ತೆಗೆದುಕೊಳ್ಳಬೇಕಾದ ಔಷಧವನ್ನು ಯಾಕೆ ಬಿಡುತ್ತಾರೆ ಎಂಬುದು. ನನ್ನ 'ಇತರೆ' ಅವಳ ಪ್ರಬಂಧದ ವಿಷಯವಾಗಿ ಕೂತಿತ್ತು. ನನಗೆ ಸ್ವಂತ ಅಧ್ಯಯನ ಮಾಡುವ ಅವಕಾಶವಿಲ್ಲ. ಅವಳದ್ದರಲ್ಲಿ ಕೊಚ್ಚಿಯ ಕಚೇರಿಗಳಲ್ಲಿರುವ ಕನ್ನಡಿಗರನ್ನು ನಾನು ಸಂದರ್ಶಿಸಬೇಕು, ಫೋರ್ಟ್ ಕೊಚ್ಚಿಯ ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರನ್ನು ಅವಳು. ತಲಾ ನಾಲ್ಕು. ಆಮೇಲೆ ಒಬ್ಬಳು ಬರೆದುಕೊಂಡ ಮಾತುಗಳನ್ನು ಇನ್ನೊಬ್ಬಳು ತಾನೂ ಬೇರೆಯಾಗಿ ಓದಿ, ಪ್ರತಿ ಮಾತಿನ ಪಕ್ಕ ಅದರ ಸಾರವನ್ನು ಎರಡು ಮೂರು ಪದದಲ್ಲಿ ಗುರುತಿಸಬೇಕು. ಇಬ್ಬರ ಗುರುತುಗಳನ್ನು ಹೋಲಿಸಿ ನೋಡುವುದು ವಿಶ್ಲೇಷಣೆಯ ಮೊದಲ ಮೆಟ್ಟಿಲು.

ಅವಳಿಗೆ ಗ್ರಂಥಾಲಯದಿಂದ ಪುಸ್ತಕ ಮನೆಗೆ ಸಿಗುತ್ತಿತ್ತು. ನಾನು ಅಲ್ಲೇ ಕುಳಿತು ಓದಬೇಕಿತ್ತು. ಹಾಜರಿಪಟ್ಟಿಯಲ್ಲಿ ಅವಳ ಹೆಸರು ಅಚ್ಚಾಗಿತ್ತು. ನನ್ನದನ್ನು ಕೊನೆಯಲ್ಲಿ ಗೆರೆ ಎಳೆದು ಪೆನ್ನಿನಿಂದ ಬರೆದಿದ್ದರು. ಇವೆಲ್ಲ ಡೈರಿಯಲ್ಲಿವೆ. ಒಂದು ವಿಷಯದಲ್ಲಿ ಮಾತ್ರ ನಾನು ಮುಂದಿದ್ದೇನೆ ಎಂದುಕೊಂಡಿದ್ದೆ. ನಾನು ಮೈಸೂರಿನವಳು, ಕೊಚ್ಚಿಯ ಕನ್ನಡ ಸಂಘದ ಸದಸ್ಯೆ, ಅದರ ಒಂದು ಕಾರ್ಯಕ್ರಮಕ್ಕೆ ಅವಳನ್ನು ಕರೆದುಕೊಂಡು ಹೋದವಳೂ ನಾನೇ. ನನ್ನ ಜನ ನನ್ನ ಹತ್ತಿರ ಮಾತಾಡುತ್ತಾರೆ. ಅವಳು ಶಾಲೆಯಲ್ಲಿ ಕಲಿತ ಕನ್ನಡ ಹಿಡಿದುಕೊಂಡು ಎಷ್ಟು ದೂರ ಹೋದಾಳು?

ಜುಲೈ ಹದಿಮೂರು, ಭಾನುವಾರ, ನನ್ನ ಮೊದಲ ಸಂದರ್ಶನ. ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕಿನ ಅಧಿಕಾರಿ, ಐವತ್ತು ದಾಟಿದ ಹೆಂಗಸು. ಸಂಘದಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಾರೆ. ಮಾಹಿತಿ ಪತ್ರ ಓದಿ ಹೇಳಿದೆ, ಒಪ್ಪಿಗೆಯ ಸಹಿ ಪಡೆದೆ, ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟೆ. ಮೊದಲ ಪ್ರಶ್ನೆ: ಬೆಳಗ್ಗೆ ಎದ್ದಾಗಿನಿಂದ ನಿಮ್ಮ ದಿನ ಹೇಗಿರುತ್ತದೆ?

"ಅದನ್ನ ಆಮ್ಯಾಲೆ ಹೇಳತೀನಿ. ಮೊದಲ ಉಣ್ಣು, ಕುಂದರು," ಎಂದರು ಅಕ್ಕ. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ. "ಇಲ್ಲೆ ಜ್ವಾಳದ ಹಿಟ್ಟು ಛಲೋ ಸಿಗಂಗಿಲ್ಲವಾ. ನಮ್ಮ ಅಣ್ಣನ ಮನಿಯಿಂದ ತರಸತೀನಿ. ಅವನ ಮಗಾ ಪುಣೆದಾಗ ಅದಾನ, ಇಂಜಿನಿಯರ. ಭಾಳ ಶಾಂತ ಹುಡುಗ."

"ಔಷಧದ ಬಗ್ಗೆ ಸ್ವಲ್ಪ ಹೇಳ್ತೀರಾ ಅಕ್ಕ?"

"ಏನದ ಅದರಾಗ? ಬಿ.ಪಿ. ಗುಳಿಗಿ ಒಂದ. ಡಾಕ್ಟರ್ ಹೇಳ್ಯಾರ, ನಾ ತಗೋತೀನಿ. ನಿಮ್ಮ ಅವ್ವಾರು ಏನ್ ಮಾಡತಾರ?"

ಮೊಸರು ತೆಗೆದುಕೊಳ್ಳಲು ನಾನೇ ಫ್ರಿಜ್ ತೆರೆದೆ. ಅಲ್ಲಿ ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರು ಹೇಳಿದ್ದಲ್ಲ, ನಾನು ಕಂಡದ್ದು. ಒಂದು ಗುಳಿಗೆಯಲ್ಲಿ ಮುಗಿಯುವ ವಿಷಯ ಅದಲ್ಲ ಎಂದು ತಿಳಿಯಿತು, ಅಷ್ಟೇ. ನಾನು ಬಾಗಿಲು ಮುಚ್ಚಿದ್ದನ್ನು ಅಕ್ಕ ನೋಡಿದರು. ಇನ್ನೊಂದು ರೊಟ್ಟಿ ಬಡಿಸಿದರು.

ಮುಂದಿನ ಎರಡು ಮನೆಗಳಲ್ಲೂ ಹೀಗೆಯೇ. ಒಂದರಲ್ಲಿ ಕೇಂದ್ರ ಸರ್ಕಾರದ ಕಚೇರಿಯ ದಂಪತಿ, ಇನ್ನೊಂದರಲ್ಲಿ ನಮ್ಮ ಐಟಿ ಪಾರ್ಕಿನವರೇ ಒಬ್ಬರು, ಅವರ ತಾಯಿ. ಎಲ್ಲರೂ ಪ್ರೀತಿಯಿಂದ ಮಾತಾಡಿದರು. ಮಾತಾಡಿದ್ದನ್ನೆಲ್ಲ ಕೆಮ್ಮು, ನಿಟ್ಟುಸಿರು, ಮೌನ ಸಮೇತ ಟೈಪ್ ಮಾಡಿದೆ. ಒಂದು ಗಂಟೆಯ ಮಾತನ್ನು ಬರೆದು ಮುಗಿಸಲು ವಾರದ ಸಂಜೆಗಳೆಲ್ಲ ಬೇಕಾಗುತ್ತಿದ್ದವು. ಒಳ್ಳೆಯ ಸಂದರ್ಶಕಿ ಕಡಿಮೆ ಮಾತಾಡಬೇಕು ಎಂದು ತರಗತಿಯಲ್ಲಿ ಹೇಳಿದ್ದರು. ನಾನು ನನ್ನ ಸಾಲುಗಳನ್ನು ಎಣಿಸಿದೆ: ಹತ್ತರಲ್ಲಿ ಒಂದು. ಹಂಚಿಕೆಯ ಫೋಲ್ಡರಿನಲ್ಲಿದ್ದ ಅವಳ ಸಂದರ್ಶನಗಳಲ್ಲಿ ಅವಳ ಸಾಲುಗಳನ್ನೂ ಎಣಿಸಿದೆ: ಹತ್ತರಲ್ಲಿ ನಾಲ್ಕು. ಅವಳು ನಗುತ್ತಾಳೆ, ನಡುವೆ ಬಾಯಿ ಹಾಕುತ್ತಾಳೆ, ತನ್ನ ತಾಯಿ, ಉಮ್ಮ, ಮಾತ್ರೆಯನ್ನು ಕೋಳಿಗೂಡಿನಲ್ಲಿ ಅಡಗಿಸಿಟ್ಟ ಕಥೆ ಹೇಳುತ್ತಾಳೆ. ಈ ಲೆಕ್ಕ ಹಾಕಿದ ಸಂಜೆ ನಾನು ಖುಷಿಯಾಗಿದ್ದೆ.

ಆಗಸ್ಟ್ ಇಪ್ಪತ್ತಮೂರರ ತರಗತಿಯಲ್ಲಿ ಟೀಚರ್ ನಾವಿಬ್ಬರೂ ಟೈಪ್ ಮಾಡಿದ ಟ್ರಾನ್ಸ್‌ಕ್ರಿಪ್ಟ್‌ಗಳ ಇಂಗ್ಲಿಷ್ ಅನುವಾದ ಓದಿಕೊಂಡು ಬಂದಿದ್ದರು. ತಿರುವನಂತಪುರದವರು, ಇಂಗ್ಲಿಷಿನಲ್ಲಿ ಪಾಠ ಮಾಡಿ ಮಲಯಾಳಂನಲ್ಲಿ ಗದರುವವರು. ಮೊದಲು ಅವಳದ್ದು ತೆಗೆದರು. ಹೋಟೆಲಿನ ಅಡುಗೆಯವರೊಬ್ಬರು ರಾತ್ರಿಪಾಳಿಯಲ್ಲಿ ನಿದ್ದೆ ಬರುತ್ತದೆಂದು ಮಾತ್ರೆ ಬಿಟ್ಟದ್ದು, ಹೆಂಡತಿಗೆ ಫೋನಿನಲ್ಲಿ ದಿನವೂ ನುಂಗುವ ಸದ್ದು ಕೇಳಿಸಲು ಬರೀ ನೀರು ಕುಡಿದದ್ದು. ಬರೆದುಕೊಳ್ಳುತ್ತಿದ್ದವರೆಲ್ಲ ಪೆನ್ನು ಕೆಳಗಿಟ್ಟಿದ್ದರು. ನಾನು ಆಸ್ಪತ್ರೆಯ ಪರದೆಯ ಹಿಂದೆ ಹುಡುಕಿದ್ದು ಅದನ್ನೇ.

ಆಮೇಲೆ ನನ್ನದು. ಟೀಚರ್ ಅಕ್ಕನ ಪುಟಗಳನ್ನು ಮಗುಚುತ್ತಾ, ಮಗುವನ್ನು ಕರೆಯುವಂತೆ, "ಕುಟ್ಟೀ, ಊಟ ಚೆನ್ನಾಗಿತ್ತು. ಸಂದರ್ಶನ ಎಲ್ಲಿ?" ಎಂದರು.

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

"ನಾನು ಕಡಿಮೆ ಮಾತಾಡಿದ್ದೇನೆ ಟೀಚರ್," ಎಂದೆ. "ಇವಳದ್ದರಲ್ಲಿ ಹತ್ತಕ್ಕೆ ನಾಲ್ಕು ಸಾಲು ಇವಳದೇ. ಅಮ್ಮನ ಕಥೆ ಬೇರೆ ಹೇಳಿದ್ದಾಳೆ. ಉತ್ತರಕ್ಕೆ ದಾರಿ ತೋರಿಸಿದ ಹಾಗಲ್ಲವೇ ಅದು?"

"ದಾರಿ ತೋರಿಸಿದ ಹಾಗೇ. ಎಲ್ಲಿ, ಯಾಕೆ ತೋರಿಸಿದೆ ಅಂತ ಅವಳೇ ಅಂಚಿನಲ್ಲಿ ಬರೆದಿಟ್ಟಿದ್ದಾಳೆ. ನೀನು ಏನು ಮಾಡಿದೆ ಅಂತ ನಿನಗೆ ಗೊತ್ತಿದೆಯೋ?"

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳು ಊಟದ ತಟ್ಟೆ ಹಿಡಿದು ನನ್ನೆದುರು ಬಂದು ಕೂತಳು. "ನನ್ನ ಮಾತು ಎಷ್ಟು ಅಂತ ಲೆಕ್ಕ ಮಾಡಿದ್ದೀಯಲ್ಲ, ಅದನ್ನು ನನ್ನ ಉಮ್ಮನಿಗೆ ಕಳಿಸು ಮಾರಾಯ್ತಿ. ಅವರು ಇಪ್ಪತ್ತು ವರ್ಷದಿಂದ ಅದನ್ನೇ ಹೇಳುವುದು."

ನಾನು ನನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಕೋಪ ಮಾಡಬೇಡ. ಒಂದು ಕೇಳ್ಲಾ? ಆ ಬ್ಯಾಂಕಿನವರು ನಿನ್ನ ಹತ್ರ ಎಂತೆಲ್ಲ ಕೇಳಿದ್ರು, ಅದನ್ನು ಎಣಿಸಿದ್ದೀಯಾ?"

"ಅವರು ಕೇಳಿದ್ದನ್ನ ಯಾಕೆ ಎಣಿಸ್ಬೇಕು?"

"ನಾನು ಓದಿದೆ. ನಿನ್ನ ಅಮ್ಮ ಎಂತ ಮಾಡುವುದು, ಅಡಿಗೆ ಬರ್ತದಾ, ಕನ್ನಡಕ ಎಷ್ಟು ವರ್ಷದಿಂದ, ರಾಶಿ ಯಾವುದು. ಮೂರು ಮನೆಯಲ್ಲೂ ಅದೇ." ಸಾಂಬಾರಿನ ಬೆಂಡೆಕಾಯಿಯನ್ನು ಬದಿಗೆ ಸರಿಸಿದಳು. "ನೀನು ಸಂದರ್ಶನಕ್ಕೆ ಹೋದದ್ದು. ಅವರು ಹುಡುಗಿ ನೋಡಿದ್ದು."

ರೈಲಿನಲ್ಲಿ ವಾಪಸು ಬರುವಾಗ ಮೂರೂ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ತೆರೆದು ಎಣಿಸಿದೆ. ಮೂರರಲ್ಲೂ ನಾನು ಅವರಿಗೆ ಕೇಳಿದ ಪ್ರಶ್ನೆಗಳಿಗಿಂತ ಅವರು ನನಗೆ ಕೇಳಿದವು ಹೆಚ್ಚು. ಅವನ್ನು ನಾನು 'ಆತ್ಮೀಯತೆ' ಎಂದು ಗುರುತಿಸಿ ಬಿಟ್ಟಿದ್ದೆ. ಪುಣೆಯ ಹುಡುಗ, ದಂಪತಿಯ ತಮ್ಮ, ಐಟಿ ಪಾರ್ಕಿನವರ ತಾಯಿಯ ಮೊಮ್ಮಗ. ಮನೆಗೆ ತರಬಹುದಾದ ಹುಡುಗಿಯ ಎದುರು ಯಾರು ತಮ್ಮ ಮನೆತನದ ಕಾಯಿಲೆ ಬಿಚ್ಚುತ್ತಾರೆ? ನಮ್ಮ ಕಡೆ ಸಂಬಂಧ ಕೇಳುವಾಗ ಗೋತ್ರ ಕೇಳಿದಷ್ಟೇ ಸಹಜವಾಗಿ ಸಕ್ಕರೆ ಕಾಯಿಲೆ ಉಂಟೇ ಎಂದು ಕೇಳುತ್ತಾರೆ. ಎಂದೂ ಇವರ ಮನೆಯ ಸೊಸೆಯಾಗದ ಕಾಸರಗೋಡಿನ ಮುಸ್ಲಿಂ ಹುಡುಗಿಗೆ ಎಲ್ಲವನ್ನೂ ಹೇಳಬಹುದು. ಅವಳು ಗೆದ್ದದ್ದು ನಾನು ಹೆಮ್ಮೆಪಟ್ಟ ಜಾಗದಲ್ಲೇ. ಕೊಲ್ಲಂ ದಾಟುವವರೆಗೂ ಅವಳ ಮೇಲೆ ಸಿಟ್ಟಿತ್ತು. ಆಮೇಲೆ ಅವಳು ಸರಿ ಎಂಬುದರ ಮೇಲೆ ಸಿಟ್ಟು ಬಂತು.

ಓಣಂ ರಜೆಯಲ್ಲಿ ಅಕ್ಕ ಫೋನ್ ಮಾಡಿದರು. ಹಬ್ಬದ ಮಾತು, ಪಾಯಸದ ಮಾತು. ಕೊನೆಗೆ, "ಅವತ್ತ ನಾ ಹೇಳಿದ್ದು ತಗದುಬಿಡವಾ. ಖರೇ ಅಲ್ಲ ಅದು," ಎಂದರು.

"ಪರವಾಗಿಲ್ಲ ಅಕ್ಕ. ಮತ್ತೆ ಬರ್ತೀನಿ, ನಿಧಾನವಾಗಿ ಮಾತಾಡೋಣ."

"ನೀ ಬ್ಯಾಡ." ಅಕ್ಕ ಧ್ವನಿ ತಗ್ಗಿಸಿದರು. "ಸಂಘದ ಕಾರ್ಯಕ್ರಮಕ್ಕ ನಿನ್ನ ಜೋಡಿ ಬಂದಿದ್ದಳಲ್ಲ, ತಲಿಗೆ ವಸ್ತ್ರ ಕಟ್ಟತಾಳಲ್ಲ, ಆಕೀ ಬರಲಿ. ಆಕೀಗೆ ಹೇಳತೀನಿ. ನೀ ಅದನ್ನ ಕೇಳಬ್ಯಾಡ, ಓದಬ್ಯಾಡ. ಆತಿಲ್ಲೊ?"

"ಆಯ್ತು ಅಕ್ಕ," ಎಂದೆ.

ಸೆಪ್ಟೆಂಬರ್ ಹದಿಮೂರರಂದು ಟೀಚರ್, ಅವಳು, ನಾನು ಮೂವರೂ ಕೂತು ಮಾತಾಡಿದೆವು. ಸಹಿ ಹಾಕಿದವರು ಯಾವಾಗ ಬೇಕಾದರೂ ತಮ್ಮ ಮಾತನ್ನು ಹಿಂಪಡೆಯಬಹುದು. ಅಕ್ಕನ ಹಳೆಯ ಸಂದರ್ಶನ ಅಳಿಸಿದೆವು. ಬದಲಿಗೆ ನಾನು ಇನ್ನಿಬ್ಬರನ್ನು ಮಾತಾಡಿಸಿ ನಾಲ್ಕು ತುಂಬಿಸಿಕೊಳ್ಳಬಹುದು, ಬೆಳಗಿನ ಕೋರ್ಸಿಗೆ ತೊಂದರೆಯಿಲ್ಲ. ಮಧ್ಯಾಹ್ನದ್ದೇ ಕಷ್ಟ. ಅವಳ ಸಂದರ್ಶನಗಳಷ್ಟನ್ನೂ ನಾನು ಎರಡನೆಯ ಓದುಗಾರ್ತಿಯಾಗಿ ಓದಲೇಬೇಕು, ಮತ್ತು ಅವಳನ್ನು ಬಿಟ್ಟರೆ ಗುಂಪಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ.

"ಹೆಸರು, ಊರು, ಬ್ಯಾಂಕು ಎಲ್ಲ ತೆಗೆದು ಸಂಖ್ಯೆ ಹಾಕಿ ಕೊಟ್ಟರೆ ನಿಯಮದ ಪ್ರಕಾರ ನೀನು ಓದಬಹುದು," ಎಂದರು ಟೀಚರ್. "ನಿಯಮ ಅಷ್ಟೇ ಹೇಳುತ್ತದೆ. ಉಳಿದದ್ದು ನಿನಗೆ ಬಿಟ್ಟದ್ದು, ಮೋಳೇ."

"ಎಂತ ಮಾಡುವಾ?" ಎಂದಳು ಅವಳು ನನ್ನ ಕಡೆ ತಿರುಗಿ.

"ಮೊದಲು ಹೋಗಿ ಬಾ. ಆಮೇಲೆ ನೋಡೋಣ," ಎಂದೆ. ಓದಬೇಕೆಂದೇ ಇದ್ದೆ. ನಿಯಮ ನನ್ನ ಕಡೆಗಿತ್ತು.

ಮರುದಿನ ಭಾನುವಾರ. ಕಳಮಶ್ಶೇರಿ ಮೆಟ್ರೊ ನಿಲ್ದಾಣದಿಂದ ಅಕ್ಕನ ಅಪಾರ್ಟ್‌ಮೆಂಟಿನ ಲಿಫ್ಟಿನವರೆಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ಲಿಫ್ಟಿನ ಬಾಗಿಲು ಮುಚ್ಚುವಾಗ ಅವಳು ಕೈ ಬೀಸಿದಳು. ನಾನು ಎದುರಿನ ಚಹಾದಂಗಡಿಯಲ್ಲಿ ಕೂತೆ. ಒಂದು ಗಂಟೆಯಲ್ಲಿ ಮುಗಿಯಬೇಕಾದದ್ದು ಎರಡಾಯಿತು, ಎರಡೂವರೆಯಾಯಿತು. ಮೂರನೆಯ ಮಹಡಿಯಲ್ಲಿ ಅಕ್ಕನ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಒಂದು ಸಲ ಇಬ್ಬರ ನೆರಳೂ ಅಲ್ಲಿ ಸುಳಿಯಿತು. ಅಕ್ಕ ನಗುತ್ತಿದ್ದಾರೋ ಅಳುತ್ತಿದ್ದಾರೋ ಅಷ್ಟು ದೂರದಿಂದ ತಿಳಿಯಲಿಲ್ಲ. ಚಹಾದಂಗಡಿಯೊಡತಿ ಚೇಚಿ, "ಯಾರಿಗೆ ಕಾಯುತ್ತಿದ್ದೀ?" ಎಂದು ಮಲಯಾಳಂನಲ್ಲಿ ಕೇಳಿದರು. ಗೆಳತಿಗೆ ಎಂದೆ. ಆ ಪದ ಅವಳ ಬಗ್ಗೆ ಮೊದಲ ಸಲ ನನ್ನ ಬಾಯಿಗೆ ಬಂದದ್ದು, ಅದೂ ಬೇರೆ ಪದ ತೋಚದೆ.

ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಸ್ಟೀಲಿನ ಡಬ್ಬಿ. "ಇದು ನಿನಗಂತೆ."

ರೊಟ್ಟಿಯ ಬಿಸಿ ಡಬ್ಬಿಯ ಹೊರಗೂ ತಾಗುತ್ತಿತ್ತು. ಇಬ್ಬರೂ ನಿಲ್ದಾಣಕ್ಕೆ ನಡೆದೆವು. ಮೆಟ್ಟಿಲ ಹತ್ತಿರ ನನಗೆ ತಡೆಯಲಾಗಲಿಲ್ಲ. "ನನ್ನ ಬಗ್ಗೆ ಏನಾದ್ರೂ ಅಂದ್ರಾ?"

"ಹೇಳ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ."

"ಅಂದ್ರು ಅಂತ ಆಯ್ತು."

"ಅದನ್ನೂ ಹೇಳ್ಲಿಕ್ಕೆ ಆಗುವುದಿಲ್ಲ," ಎಂದು ಅವಳು ಮೊದಲ ಬಾರಿಗೆ ನನ್ನ ಭುಜದ ಮೇಲೆ ಕೈಯಿಟ್ಟಳು. ನಾನು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸುವ ನೆಪದಲ್ಲಿ ಸರಿದೆ.

ಬುಧವಾರ ಕಚೇರಿಯ ಊಟದ ವಿರಾಮದಲ್ಲಿ ಫೋನಿಗೆ ಸೂಚನೆ ಬಂತು. ಹಂಚಿಕೆಯ ಫೋಲ್ಡರಿಗೆ ಹೊಸ ಕಡತ. ಹೆಸರಿನ ಜಾಗದಲ್ಲಿ ಸಂಖ್ಯೆ. ಅದರ ಗಾತ್ರ ಕಾಣುತ್ತಿತ್ತು, ನನ್ನ ಯಾವ ಸಂದರ್ಶನದ್ದಕ್ಕಿಂತಲೂ ದೊಡ್ಡದು. ಒಂದು ಬೆರಳು ತಾಗಿಸಿದರೆ ತೆರೆಯುತ್ತದೆ. ಟೀಚರ್ ಸರಿಯೆಂದಿದ್ದಾರೆ, ನಿಯಮ ಸರಿಯೆನ್ನುತ್ತದೆ, ನನ್ನ 'ಎ' ಅದರೊಳಗಿದೆ. ಅಪರಿಚಿತರಿಗೆ ಆ ಸಂಖ್ಯೆಯ ಹಿಂದೆ ಯಾರೂ ಕಾಣುವುದಿಲ್ಲ. ನನಗೋ, ಮೊದಲ ಸಾಲಿನಲ್ಲಿ 'ಖರೇ' ಎಂಬ ಮಾತು ಬಂದರೆ ಸಾಕು, ಅಕ್ಕ ಎದುರು ಬಂದು ಕೂರುತ್ತಾರೆ. ಹೆಸರು ಅಳಿಸಿದ್ದು ಯಾರಿಂದ ಅವರನ್ನು ಮರೆಮಾಡಲು? ಅವರು ಮರೆಯಾಗಬೇಕು ಎಂದದ್ದು ಒಬ್ಬಳಿಂದ ಮಾತ್ರ.

ಟೀಚರಿಗೆ ಎರಡು ಸಾಲು ಬರೆದೆ: ಆ ಫೋಲ್ಡರಿನಿಂದ ನನ್ನನ್ನು ತೆಗೆಯಿರಿ, ಈ ಒಂದು ಸಂದರ್ಶನವನ್ನು ನಾನು ಓದುವುದಿಲ್ಲ. ವಿರಾಮ ಮುಗಿಯುವ ಮೊದಲೇ ಉತ್ತರ ಬಂತು. "ತೆಗೆದಿದ್ದೇನೆ. ಗ್ರೇಡಿನಲ್ಲಿ ಇದು ಕಾಣುತ್ತದೆ, ಗೊತ್ತಲ್ಲ?" ಗೊತ್ತು ಎಂದು ಬರೆದೆ. ಪರದೆಯಿಂದ ಫೋಲ್ಡರ್ ಮಾಯವಾಯಿತು.

ಇದನ್ನು ಪ್ರಾಮಾಣಿಕತೆ ಎಂದು ಬರೆದುಕೊಳ್ಳಲು ಇಷ್ಟವಿತ್ತು. ಆದರೆ ಆ ದಿನದ ಡೈರಿಯಲ್ಲಿ ಇರುವುದು ಬೇರೆ: 'ಅಕ್ಕ ಅವಳ ಜೊತೆ ಹೇಗೆ ನಕ್ಕರು ಎಂದು ಓದಲು ನನ್ನಿಂದಾಗದು.' ಎರಡೂ ನಿಜ. ಯಾವುದು ಎಷ್ಟು ಪಾಲು ಎಂದು ತೂಗಿ ನೋಡಿದೆ. ಈ ಲೆಕ್ಕ ಮಾತ್ರ ನನಗೆ ಕೂಡಿಬರಲಿಲ್ಲ.

ಬೆಳಗಿನ ಕೋರ್ಸಿನಲ್ಲಿ 'ಎ' ಬಂತು. ಕೊನೆಯ ಇಬ್ಬರನ್ನು ಮಾತಾಡಿಸುವಾಗ, ನನಗೆ ಮದುವೆಯ ಯೋಚನೆ ಇಲ್ಲವೆಂದು ಚಪ್ಪಲಿ ಬಿಡುವಾಗಲೇ ಹೇಳಿದ್ದೆ. ಒಬ್ಬರು ನಕ್ಕು ನಿಜ ಹೇಳಿದರು, ಇನ್ನೊಬ್ಬರು ಬೇಸರಪಟ್ಟು ಬೇಗ ಮುಗಿಸಿದರು. ಮಧ್ಯಾಹ್ನದ ಕೋರ್ಸಿನಲ್ಲಿ 'ಬಿ ಪ್ಲಸ್'. ಎರಡನೆಯ ಓದು ಅಪೂರ್ಣ ಎಂದು ಟೀಚರ್ ಷರಾ ಬರೆದಿದ್ದಾರೆ. ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ. ಕಾಸರಗೋಡಿನವಳ ಪ್ರಬಂಧ ಮುಗಿಯುತ್ತಾ ಬಂದಿದೆ. ಅದರಲ್ಲಿ ಒಂದು ಇಡೀ ಅಧ್ಯಾಯ ಆ ಒಂದೇ ಸಂದರ್ಶನದ ಮೇಲಂತೆ. ಆ ಅಧ್ಯಾಯ ಬಿಟ್ಟು ಉಳಿದದ್ದನ್ನು ನನಗೆ ಕಳಿಸುತ್ತೇನೆ ಎಂದಿದ್ದಾಳೆ. ಅಸೂಯೆ ಹೋಗಿದೆ ಎಂದರೆ ಸುಳ್ಳು. ಅವಳಿಂದ ಸಂದೇಶ ಬಂದಾಗಲೆಲ್ಲ ಮೊದಲು ಅದೇ ಏಳುತ್ತದೆ, ಆಮೇಲೆ ನಾನು.

ಈ ಬರಹದಲ್ಲಿ ಎಲ್ಲರ ಗುರುತುಗಳನ್ನೂ ಬದಲಾಯಿಸಿದ್ದೇನೆ. ಅಚ್ಚಿಗೆ ಕೊಡುವ ಮೊದಲು ಅಕ್ಕನ ಮನೆಗೆ ಹೋಗಿ ಪೂರ್ತಿ ಓದಿ ಹೇಳಿದೆ. ನಮ್ಮ ವಿಧಾನದಲ್ಲಿ ಅದೊಂದು ಕ್ರಮ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಫ್ರಿಜ್ಜಿನ ಭಾಗ ಬಂದಾಗ ಕಣ್ಣು ತೆರೆದರು, ಅದರಲ್ಲಿ ಏನೂ ಇಲ್ಲವೆಂದು ತಿಳಿದು ಮತ್ತೆ ಮುಚ್ಚಿದರು.

"ಇರಲಿ, ಕೊಡು. ಆದ್ರ ಎಣಗಾಯಿಗೆ ಉಪ್ಪ ಕಡಿಮಿ ಆಗಿತ್ತು ಅವತ್ತ. ನೀ ಹೇಳಲಿಲ್ಲ."

"ನೀವೂ ಹೇಳಲಿಲ್ಲ ಅಕ್ಕ."

ಅಕ್ಕ ನಕ್ಕರು. ಪುಣೆಯ ಹುಡುಗನಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆಯಂತೆ.

ಓದುಗರಲ್ಲಿ ಯಾರಾದರೂ ತಮ್ಮದೇ ಜನರ ನಡುವೆ ಇಂಥ ಸಂದರ್ಶನ ಮಾಡಿದ್ದರೆ, ಮನೆಯ ಹುಡುಗಿಯಾಗಿ ಹೋಗಿ ಸಂಶೋಧಕಿಯಾಗಿ ಹೊರಬರುವ ದಾರಿ ಕಂಡಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ಬರೆಯಿರಿ. ಒಂದೇ ಕೋರ್ಸಿನ 'ಎ'ಯನ್ನು ಲೆಕ್ಕಕ್ಕೆ ಹಿಡಿಯುವ ಸಂಸ್ಥೆ ಗೊತ್ತಿದ್ದರೂ ತಿಳಿಸಿ. ಆ ಭಾನುವಾರ ಮೂರನೆಯ ಮಹಡಿಯಲ್ಲಿ ಅಕ್ಕ ಏನು ಹೇಳಿದರು ಎಂಬುದನ್ನು ಮಾತ್ರ, ಎಲ್ಲಿಂದಲಾದರೂ ನಿಮ್ಮ ಕಿವಿಗೆ ಬಿದ್ದಿದ್ದರೂ, ನನಗೆ ಬರೆಯಬೇಡಿ.